ಎತ್ತು ಏರಿಗೆ, ಕೋಣ ನೀರಿಗೆ ಆಗದಂತೆ ಗೇಮಿಂಗ್ ಪಿಸಿ ಜೋಡಿಸುವುದು

2024ರ ದಸರಾ ರಜೆಯಲ್ಲಿ ಅಕ್ಕನ ಮಗ ತನ್ನ ಗೇಮಿಂಗ್ ಪಿಸಿಗೆ ಬೇಕಾದ ಭಾಗಗಳ ಚೀಟಿ ಹಿಡಿದು ರಾಜಾಜಿನಗರದ ನಮ್ಮ ಮನೆಗೆ ಬಂದ. ನಾನು ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹಾಗಾಗಿ ನೆಂಟರ ಮನೆಯ ಕಂಪ್ಯೂಟರ್‌ಗಳೆಲ್ಲ ನನ್ನ ತಲೆಗೇ ಬರುತ್ತವೆ. ಚೀಟಿಯ ಮೊದಲ ಸಾಲು: ಆರ್‌ಟಿಎಕ್ಸ್ 4070 ಸೂಪರ್ ಗ್ರಾಫಿಕ್ಸ್ ಕಾರ್ಡ್. ಕೊನೆಯ ಸಾಲು: ‘ಮಾನಿಟರ್ ಮನೇಲಿದೆ’. ಮನೆಯಲ್ಲಿದ್ದದ್ದು ಅವರಪ್ಪ ಆಫೀಸ್ ಕೆಲಸಕ್ಕೆ ತಂದಿದ್ದ 60 ಹರ್ಟ್ಜ್‌ನ ಹಳೇ 1080ಪಿ ಮಾನಿಟರ್.

“ಚೀಟಿನ ಕೆಳಗಿಂದ ಓದ್ಕೊಂಡು ಬಾ” ಅಂದೆ.

ಎಲ್ಲರೂ ಕಾರ್ಡಿನಿಂದ ಶುರು ಮಾಡುತ್ತಾರೆ. ನಾನು ಮಾನಿಟರಿನಿಂದ ಶುರು ಮಾಡುತ್ತೇನೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೂ, ಇಷ್ಟು ಚುಕ್ಕಿಗೆ ಬಣ್ಣ ಹಚ್ಚುವ ಕೂಲಿ ಗ್ರಾಫಿಕ್ಸ್ ಕಾರ್ಡಿನದು. ಕಾರ್ಡು ಸೆಕೆಂಡಿಗೆ 150 ಫ್ರೇಮ್ ಕೊಟ್ಟರೂ 60 ಹರ್ಟ್ಜ್ ಪರದೆ ಬದಲಾಗುವುದು 60 ಸಲ ಮಾತ್ರ. ಮಿಕ್ಕಿದ್ದಕ್ಕೆ ದುಡ್ಡು ಕೊಟ್ಟು ನೋಡದೆ ಬಿಟ್ಟ ಹಾಗೆ. ಹಳೇ ಮಾನಿಟರನ್ನೇ ಇಟ್ಟುಕೊಳ್ಳುವುದಾದರೆ ಅದೇ ಸಾಲಿನ ಚಿಕ್ಕ ಕಾರ್ಡು 4060 ಧಾರಾಳ ಸಾಕು. 4070 ಸೂಪರ್ ಬೇಕೇ ಬೇಕು ಅಂದರೆ 1440ಪಿ ಮಾನಿಟರಿಗೂ ದುಡ್ಡು ಎತ್ತಿಡಬೇಕು. ಹುಡುಗ ಎರಡನೆಯದಕ್ಕೇ ಹಟ ಹಿಡಿದ. ಅಕ್ಕ ಒಪ್ಪಿದಳು, ಹೇಗೆ ಅಂತ ಕೇಳಬೇಡಿ.

ಮುಂದಿನದು ಪ್ರೊಸೆಸರ್. ದರ್ಶಿನಿಯ ದೋಸೆ ಕಾವಲಿ ನೋಡಿದ್ದೀರಲ್ವಾ? ಕಾವಲಿ ಎಷ್ಟೇ ದೊಡ್ಡದಿರಲಿ, ಹಿಟ್ಟು ಹುಯ್ಯುವವನು ನಿಧಾನವಾದರೆ ಅರ್ಧ ಕಾವಲಿ ಖಾಲಿ ಬಿದ್ದಿರುತ್ತದೆ. ಹಿಟ್ಟು ಹುಯ್ಯುವವನು ಪ್ರೊಸೆಸರ್, ಕಾವಲಿ ಗ್ರಾಫಿಕ್ಸ್ ಕಾರ್ಡ್. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಆಟಗಳಲ್ಲಿ ನೂರಾರು ಫ್ರೇಮ್ ಬೇಕೆಂದರೆ ಪ್ರೊಸೆಸರ್ ಮೇಲೆ ಭಾರ ಜಾಸ್ತಿ. ಕಣ್ಣು ತುಂಬುವ ಕಥೆಯಾಟಗಳನ್ನು 1440ಪಿಯಲ್ಲಿ ಆಡಿದರೆ ಕಾರ್ಡಿನ ಮೇಲೆ ಭಾರ. ಈಗಾಗಲೇ ಇರುವ ಪಿಸಿಯಲ್ಲಿ ಯಾವುದು ಸೋಲುತ್ತಿದೆ ಅಂತ ತಿಳಿಯಲು ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ಏರಿದರೆ ಕಾರ್ಡು ತಡೆಯುತ್ತಿತ್ತು. ಏರದೆ ಅಲ್ಲೇ ನಿಂತರೆ ಬಹುಪಾಲು ಪ್ರೊಸೆಸರ್. ಇವನು ಎರಡೂ ಥರದ್ದು ಆಡುತ್ತಾನೆ, ಅದಕ್ಕೆ ಎಎಂಡಿಯ ರೈಜನ್ 5 7600 ಆರಿಸಿದೆವು.

ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮೂರನ್ನೂ ಒಟ್ಟಿಗೇ ಆರಿಸಬೇಕು. 7600 ಕೂರುವುದು ಎಎಂ5 ಸಾಕೆಟ್‌ನಲ್ಲಿ, ಅಲ್ಲಿ ಡಿಡಿಆರ್5 ಥರದ ರ‍್ಯಾಮ್ ಮಾತ್ರ. ಇಂಟೆಲ್‌ನ 12, 13, 14ನೇ ತಲೆಮಾರಿನವು ಕೂರುವುದು ಎಲ್‌ಜಿಎ1700 ಸಾಕೆಟ್‌ನಲ್ಲಿ. ಅದರಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಹೆಸರು ನೋಡಿ ತಗೊಳ್ಳಿ. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ, ಕಚ್ಚು ಇರುವ ಜಾಗವೇ ಬೇರೆ. ಹಳೇ ಸ್ಟಾಕಿನ ಬಿ650 (ಇದೂ ಎಎಂ5ನದೇ) ಬೋರ್ಡಿಗೆ ರೈಜನ್ 9000 ಹಾಕುವವರು ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿದೆಯಾ ಅಂತ ಅಂಗಡಿಯಲ್ಲೇ ಕೇಳಿ.

ಶನಿವಾರ ಗ್ರೀನ್ ಲೈನ್ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ನಡೆದೆವು. ಮೊದಲ ಅಂಗಡಿಯವರು ಚೀಟಿ ನೋಡಿ, “ಮೇಡಂ, ಪ್ರೊಸೆಸರ್ ಇನ್ನೂ ದೊಡ್ಡದು ಹಾಕ್ಸಿ, ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬರುತ್ತೆ” ಅಂದರು. ನಾನು ನಕ್ಕು ಮುಂದಿನ ಅಂಗಡಿಗೆ ಹೋದೆ. ಎಸ್‌ಎಂಪಿಎಸ್ ಅಂದರೆ ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ಡಬ್ಬ; ಜೊತೆಗೆ ಬರುವ ಹೆಸರಿಲ್ಲದ್ದು ಮಾತ್ರ ಬೇಡವೇ ಬೇಡ.

ಅದರ ಲೆಕ್ಕ ಸುಲಭ. ಈ ಕಾರ್ಡು 220 ವ್ಯಾಟ್. ಪ್ರೊಸೆಸರ್ ಮೇಲೆ 65 ಅಂತ ಬರೆದಿದ್ದರೂ ದುಡಿಯುವಾಗ 88ರವರೆಗೆ ಎಳೆಯುತ್ತದೆ. ಬೋರ್ಡು, ಫ್ಯಾನು, ಎಸ್‌ಎಸ್‌ಡಿಗೆ ಒಂದು 60 ಸೇರಿಸಿದರೆ 370ರ ಆಸುಪಾಸು. ಕಾರ್ಡು ಕ್ಷಣಮಾತ್ರ ಇನ್ನೂ ಜಾಸ್ತಿ ಎಳೆಯುವುದರಿಂದ ನಾವು 650 ವ್ಯಾಟಿನದು ತಂದೆವು. ಅದರ ಮೇಲಿನ ಬಂಗಾರದ ಬಣ್ಣದ 80 ಪ್ಲಸ್ ಸ್ಟಿಕ್ಕರ್ ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ವಾರಂಟಿ ಎಷ್ಟು ವರ್ಷ ಅಂತಲೂ ನೋಡಿ. ಇನ್ನೊಂದು: ಹಳೇ ಮಾಡ್ಯುಲರ್ (ಕೇಬಲ್ ಬಿಚ್ಚಬಹುದಾದ) ಎಸ್‌ಎಂಪಿಎಸ್‌ನ ಕೇಬಲನ್ನು ಹೊಸದಕ್ಕೆ ಸಿಕ್ಕಿಸಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿಯ ಕ್ರಮ ಬೇರೆ ಇರಬಹುದು, ಡ್ರೈವ್ ಸುಟ್ಟೇ ಹೋಗಬಹುದು.

ಬೆಂಗಳೂರಲ್ಲಿ ಮಳೆ ಬಂದರೆ ಕರೆಂಟ್ ಹೋಗುವುದು ಗೊತ್ತೇ ಇದೆ. ಯುಪಿಎಸ್ ಡಬ್ಬದ ಮೇಲೆ 600 ವಿಎ ಅಂತ ದೊಡ್ಡದಾಗಿ ಬರೆದಿರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ 360 ವ್ಯಾಟ್ ಅಂತ ಇರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ವ್ಯಾಟನ್ನು. ನಮ್ಮ 370ಕ್ಕೆ ಮಾನಿಟರ್ ಬೇರೆ ಸೇರಬೇಕು. ಆದ್ದರಿಂದ 600 ವ್ಯಾಟಿನದು ತಗೊಂಡೆವು.

ಇಷ್ಟೆಲ್ಲ ಲೆಕ್ಕ ಹಾಕಿದವಳು ಎಡವಿದ್ದು ಕ್ಯಾಬಿನೆಟ್‌ನಲ್ಲಿ. 315 ಮಿಲಿಮೀಟರ್ ಉದ್ದದ ಕಾರ್ಡಿಗೆ ಜಾಗ ಇದೆ ಅಂತ ಡಬ್ಬದ ಮೇಲಿತ್ತು. ನಮ್ಮ ಮೂರು ಫ್ಯಾನಿನ ಕಾರ್ಡು 300. ಮನೆಗೆ ಬಂದು ಊಟದ ಮೇಜಿನ ಮೇಲೆ ಜೋಡಿಸಲು ಕೂತರೆ ಕಾರ್ಡು ಓರೆಯಾಗಿ ಸಿಕ್ಕಿಕೊಂಡು ನಿಂತಿತು. ಮುಂದಿನ ಫ್ಯಾನು ಒಳಗಡೆ ಕೂತಿತ್ತು, ಅದರ ದಪ್ಪ 25. ಉಳಿದದ್ದು 290. “ಚಿಕ್ಕಮ್ಮಾ, ಸ್ವಲ್ಪ ಒತ್ತಲಾ?” ಅಂದ. ಕೈಗೆ ಹೊಡೆದೆ. ಫ್ಯಾನನ್ನು ಬಿಚ್ಚಿ ಮೇಲ್ಭಾಗಕ್ಕೆ ಹಾಕಿದ ಮೇಲೆ ಕಾರ್ಡು ಟಕ್ ಅಂತ ಕೂತಿತು. ನೀವು ಕೊಳ್ಳುವ ಮುಂಚೆ ಕಾರ್ಡಿನ ಉದ್ದದ ಜೊತೆ ಫ್ಯಾನಿನ ದಪ್ಪವನ್ನೂ ಕೂಡಿಸಿ. ಪ್ರೊಸೆಸರ್ ಮೇಲೆ ಕೂರುವ ಕೂಲರ್ ಎತ್ತರವನ್ನೂ ನೋಡಿ, ಇಲ್ಲವಾದರೆ ಪಕ್ಕದ ಗಾಜು ಮುಚ್ಚುವುದಿಲ್ಲ.

ರ‍್ಯಾಮ್ 32 ಜಿಬಿಯ ಒಂದೇ ಸ್ಟಿಕ್ ಬೇಡ, 16ರದು ಎರಡು ಹಾಕಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ನಮ್ಮ 6000 ವೇಗದ ರ‍್ಯಾಮ್ ಮೊದಲು 4800ರಲ್ಲೇ ಓಡುತ್ತಿತ್ತು. ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅನ್ನುವ ವೇಗದ ಸೆಟಿಂಗ್ ಆನ್ ಮಾಡಿದ ಮೇಲೆ ಪೂರ್ತಿ ವೇಗಕ್ಕೆ ಬಂತು. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಎಕ್ಸ್‌ಎಂಪಿ.

ರಾತ್ರಿ ಹನ್ನೊಂದಕ್ಕೆ ಆಟ ಶುರುವಾಯಿತು. ಚಿತ್ರ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಹುಡುಗನ ಮುಖ ಸಪ್ಪಗಾಯಿತು. ಹಿಂದೆ ಬಗ್ಗಿ ನೋಡಿದರೆ ಮಾನಿಟರಿನ ಕೇಬಲ್ ಮದರ್‌ಬೋರ್ಡಿನ ತೂತಿನಲ್ಲಿತ್ತು. 7600ರ ಒಳಗೇ ಪುಟ್ಟ ಗ್ರಾಫಿಕ್ಸ್ ಇರುವುದರಿಂದ ಚಿತ್ರವೇನೋ ಬಂದಿತ್ತು, ಹೊಸ ಕಾರ್ಡು ಸುಮ್ನೆ ಕೂತಿತ್ತು. ಕೇಬಲನ್ನು ಕೆಳಗಿನ ಕಾರ್ಡಿಗೆ ಸಿಕ್ಕಿಸಿದೆವು. ವಿಂಡೋಸ್‌ನ ಡಿಸ್‌ಪ್ಲೇ ಸೆಟಿಂಗ್ಸ್‌ನಲ್ಲಿ ಇನ್ನೂ 60 ಹರ್ಟ್ಜ್ ಅಂತಲೇ ಇತ್ತು. ಅದನ್ನೂ ಹೊಸ ಮಾನಿಟರಿನ 180ಕ್ಕೆ ಏರಿಸಿ, ಬಿಲ್ಲುಗಳನ್ನೆಲ್ಲ ಒಂದು ಕವರಿಗೆ ಹಾಕಿ ಅಕ್ಕನ ಕೈಗೆ ಕೊಟ್ಟು ಮಲಗಿದೆ.