ಹನ್ನೆರಡರ ಗಾಡಿ: ಇಪ್ಪತ್ತು ನಿಮಿಷದ ವೆಸ್ಟರ್ನ್ ಬರೆಯುವ ಬಗೆ

ವೆಸ್ಟರ್ನ್, ಅಂದರೆ ಅಮೆರಿಕದ ಕೌಬಾಯ್ ಸಿನಿಮಾದ ಬಗೆಯ ಚಿತ್ರಕಥೆ, ಬರೆಯಲು ಕುದುರೆ, ಪಿಸ್ತೂಲು ಬೇಕಿಲ್ಲ. ಬಯಲು, ದೂರದ ಕಾನೂನು, ಸರಿಯುತ್ತಿರುವ ಹೊತ್ತು ಬೇಕು. ಗದಗ ಸೀಮೆಯ ಎರೆ ಹೊಲಗಳಲ್ಲಿ ಮೊದಲೆರಡು ಇದ್ದೇ ಇವೆ. ಮೂರನೆಯದನ್ನು ಕಾರ್ಲ್ ಫೋರ್‌ಮನ್ ಅವರಿಂದ ಕಲಿಯಿರಿ. ಅವರು ಬರೆದ 1952ರ ಸಿನಿಮಾ ‘ಹೈ ನೂನ್’ ಸುಮಾರು 85 ನಿಮಿಷದ್ದು. ಕಥೆಯ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಸೇಡಿನವನು ಮಧ್ಯಾಹ್ನದ ರೈಲಿಗೆ ಬರುತ್ತಾನೆ, ಊರಿನ ಕಾನೂನು ಕಾಯುವ ಮಾರ್ಷಲ್ ಮನೆಮನೆ ಅಲೆದು ನೆರವು ಕೇಳುತ್ತಾನೆ.

ನಮ್ಮ ಕಥೆಯಲ್ಲಿ ಆ ಮಾರ್ಷಲ್ ಊರ ಕಾವಲಿನ ವಾಲೀಕಾರನಾಗಲಿ. ಅವನ ಸಾಕ್ಷಿಯಿಂದ ಹಿಂಡಲಗಾ ಜೈಲು ಸೇರಿದವನು ಹನ್ನೆರಡರ ಗಾಡಿಗೆ ಇಳಿಯುತ್ತಾನೆ. 11:40ಕ್ಕೆ ಫೋನ್ ಬರುತ್ತದೆ, ಅಲ್ಲಿಂದಲೇ ಶುರು. ಫೋನಿಗೆ 2 ನಿಮಿಷ, ನೆರವು ಕೇಳುವ ನಾಲ್ಕು ಬಾಗಿಲಿಗೆ ಮೂರು ಮೂರು, ನಡಿಗೆಗೆ ಒಟ್ಟು 4, ಸ್ಟೇಷನ್ನಿಗೆ 2. ಬರೆಯುವ ಮೊದಲೇ ಊರಲ್ಲಿ ಗಡಿಯಾರ ಹಿಡಿದು ನಡೆದು ನೋಡಿ. ಗೌಡರ ಮನೆಯಿಂದ ಗುಡಿಗೆ ಐದು ನಿಮಿಷ ಹಿಡಿದರೆ ಇಡೀ ಲೆಕ್ಕ ಕೆಡುತ್ತದೆ.

ಕಥೆಯ ಜೀವ ಇರುವುದು ನಾಲ್ಕು ‘ಒಲ್ಲೆ’ಗಳಲ್ಲಿ. ಫೋರ್‌ಮನ್‌ರ ನ್ಯಾಯಾಧೀಶ ಗಂಟು ಕಟ್ಟಿ ಊರು ಬಿಡುತ್ತಾನೆ, ಹಳೆಯ ಮಾರ್ಷಲ್‌ಗೆ ಕೈ ಬೇನೆ, ಬರುತ್ತೇನೆಂದವನು ತಾನೊಬ್ಬನೇ ಎಂದು ತಿಳಿದು ಹಿಂದೆ ಸರಿಯುತ್ತಾನೆ. ಒಂದೇ ಕಾರಣ ಎರಡು ಸಲ ಬಂದರೆ ಎರಡನೆಯ ದೃಶ್ಯ ಸತ್ತಂತೆ. ಗೆಳೆಯನ ಬಾಗಿಲಲ್ಲಿ ಅವನ ಹೆಂಡತಿ, “ಮನ್ಯಾಗ ಇಲ್ರೀ, ಹೊಲಕ್ಕ ಹೋಗ್ಯಾರ” ಅನ್ನಲಿ. ಆದರೆ ಹೊಸ್ತಿಲ ಪಕ್ಕ ಅವನ ಚಪ್ಪಲಿ, ಹಸಿ ಎರೆಮಣ್ಣು ಮೆತ್ತಿದ್ದು, ಇರುವುದನ್ನು ಮಾತಿಗೆ ಮೊದಲೇ ಬರೆಯಿರಿ. ವಾಲೀಕಾರ ಅದನ್ನು ನೋಡಿ, “ಆತು ಬಿಡ್ರೆವ್ವಾ” ಅಂದರೆ ಸಾಕು. ಅವನಿಗೆ ಸಿಟ್ಟು ಬರಿಸಿದರೆ ನೋಡುವವರ ಸಿಟ್ಟು ಇಳಿದುಬಿಡುತ್ತದೆ.

ಈ ದೃಶ್ಯಗಳ ನೋವು ಬಾಳಿನಿಂದ ಬಂದದ್ದು. 1951ರಲ್ಲಿ ಅಮೆರಿಕ ಸಂಸತ್ತಿನ ಸಮಿತಿ ಫೋರ್‌ಮನ್‌ರನ್ನು ಕರೆಸಿ ಕಮ್ಯುನಿಸ್ಟರ ಹೆಸರು ಕೇಳಿತು. ಅವರು ಹೇಳಲಿಲ್ಲ. ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋಗಬೇಕಾಯಿತು. ನೀವೂ ಒಬ್ಬನೇ ನಿಂತವನನ್ನು ಕಂಡಿದ್ದರೆ ಆ ಊರನ್ನೇ ಬರೆಯಿರಿ.

ಸೇಡಿನವನ ಮುಖ ಗಾಡಿ ಬರುವವರೆಗೂ ಬೇಡ. ಅವನು ಕೂಡುತ್ತಿದ್ದ ಕಟ್ಟೆ ಖಾಲಿ ಕಂಡರೆ ಸಾಕು. ಗಡಿಯಾರವನ್ನು ಮೂರ್ನಾಲ್ಕು ಸಲ ತೋರಿಸಿ, ಮೊದಲು ದೂರ ದೂರ, ಕೊನೆಗೆ ಒತ್ತೊತ್ತಾಗಿ.

ಚಿತ್ರಕಥೆಯ ಪುಟಕ್ಕೊಂದು ನಿಮಿಷ ಎಂಬ ಲೆಕ್ಕ ಕೊರಿಯರ್ ಎಂಬ ಇಂಗ್ಲಿಷ್ ಫಾಂಟಿನ 12ರ ಅಳತೆಗೆ ಹುಟ್ಟಿದ್ದು. ಒತ್ತಕ್ಷರದ ಕನ್ನಡ ಹೆಚ್ಚು ಜಾಗ ತಿನ್ನುವುದರಿಂದ ಅದನ್ನು ನಂಬಬೇಡಿ. ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ, ನಡಿಗೆಯ ಹೊತ್ತನ್ನೂ ಸೇರಿಸಿ ಗಟ್ಟಿಯಾಗಿ ಓದಿ. 23 ನಿಮಿಷ ಬಂದರೆ ಮಾತು ಚಿವುಟುವ ಬದಲು ಒಂದು ಬಾಗಿಲಿನ ದೃಶ್ಯವನ್ನೇ ಕೈಬಿಡಿ.