28 ದಿನ ಬಸ್ರಾ, 28 ದಿನ ಮಂಡ್ಯ: ನನ್ನ ಅನುಭವ

28 ದಿನ ಇರಾಕಿನ ಬಸ್ರಾದಲ್ಲಿ ಕೆಲಸ, 28 ದಿನ ರಜೆ ಎಂಬ ಸರದಿಯಲ್ಲಿ, ಅಂದರೆ ರೊಟೇಶನ್ ಮೇಲೆ, ದೊಡ್ಡ ತೈಲಬಾವಿ ಸೇವಾ ಕಂಪನಿಯಲ್ಲಿ ದುಡಿಯುತ್ತಲೇ ಮಂಡ್ಯದ ಮನೆಯನ್ನು ಬಿಡದೆ ಇರಬಹುದು ಎಂದು ನಾನು ಹೇಳಿದಾಗ ನಂಬಿದವರು ಯಾರೂ ಇರಲಿಲ್ಲ. ರಾಜಸ್ಥಾನದ ಬಾರ್ಮೇರ್‌ನಲ್ಲಿ ಜೊತೆಗಿದ್ದ ಮೈಸೂರಿನ ಹುಡುಗರು, "ಎಣ್ಣೆ ಬೆಲೆ ಬಿದ್ದರೆ ಮೊದಲು ಮನೆಗೆ ಹೋಗುವವನು ರೊಟೇಶನ್‌ನವನೇ" ಎಂದರು. ಸೋದರಮಾವ ಇನ್ನೂ ನೇರವಾಗಿ ಕೇಳಿದರು: "ಎಷ್ಟು ವರ್ಷ ಅಂತ ಹೀಗೆ ಅರ್ಧ ಸಂಸಾರ ಮಾಡುತ್ತೀಯಪ್ಪ?" ಈಗ ಎರಡು ಕುಸಿತಗಳನ್ನು ದಾಟಿದ್ದೇನೆ. ಸಾಲವಿಲ್ಲ, ಮಕ್ಕಳ ಶಾಲೆ ಬದಲಾಗಿಲ್ಲ, ಅಪ್ಪನ ಜಮೀನಿನಲ್ಲಿ ಕಬ್ಬು ನಿಂತಿದೆ. ಈ ಕೆಲಸದಲ್ಲಿರುವವರಿಗೂ ಆಫರ್ ಪತ್ರ ಹಿಡಿದು ಯೋಚಿಸುತ್ತಿರುವವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. 

ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಮಡ್ ಇಂಜಿನಿಯರ್, ಅಂದರೆ ಬಾವಿ ಕೊರೆಯುವಾಗ ಒಳಗೆ ಹರಿಸುವ ಕೆಸರಿನಂಥ ದ್ರವವನ್ನು (ಮಡ್) ನೋಡಿಕೊಳ್ಳುವವನು, ಆದವನು ನಾನು. ಬಾರ್ಮೇರ್ ಜಿಲ್ಲೆಯ ಮಂಗಳಾ ತೈಲಕ್ಷೇತ್ರದಲ್ಲಿ 2009ರಲ್ಲಿ ಉತ್ಪಾದನೆ ಶುರುವಾಗಿತ್ತು. ಅದರ ಹಿಂದೆಯೇ ನಾನೂ ಆ ಮರಳುಗಾಡಿಗೆ ಹೋದೆ. ಅಲ್ಲಿನ ಎಣ್ಣೆಯಲ್ಲಿ ಮೇಣದ ಅಂಶ ಹೆಚ್ಚು. ಸುಮಾರು 40 ಡಿಗ್ರಿಗಿಂತ ತಣ್ಣಗಾದರೆ ಅಚ್ಚಿಗೆ ಹೊಯ್ದ ಬೆಲ್ಲದ ಪಾಕದಂತೆ ಗಟ್ಟಿಯಾಗಿಬಿಡುತ್ತದೆ. ಗುಜರಾತಿನ ಕರಾವಳಿಯವರೆಗೆ 600 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆಯನ್ನು ದಾರಿಯುದ್ದಕ್ಕೂ ಬಿಸಿ ಮಾಡುತ್ತಾರೆ. ಆಗ ನನ್ನದು ಕುಟುಂಬ ಸಮೇತ ಹೋಗುವ ಹುದ್ದೆ. ಜೋಧ್‌ಪುರದಲ್ಲಿ ಬಾಡಿಗೆ ಮನೆ ಹಿಡಿದೆವು, ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿದೆವು. ಆದರೆ ನಾನು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಬಾವಿ ಕೊರೆಯುವ ರಿಗ್‌ನಲ್ಲಿರುತ್ತಿದ್ದೆ. ಭಾಷೆ ಬಾರದ ಊರಿನಲ್ಲಿ ಮನೆಯವರು ಒಬ್ಬರೇ. ಮಂಡ್ಯದ ಮನೆಯ ಖರ್ಚು ತಪ್ಪಲಿಲ್ಲ, ಜೋಧ್‌ಪುರದ್ದು ಮೇಲೆ ಬಿತ್ತು. ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ಲಕ್ಷವೂ ಇರಲಿಲ್ಲ. ಆಗಲೇ ರೊಟೇಶನ್ ಬೇಕು ಎಂದು ಪಟ್ಟು ಹಿಡಿದೆ. ಕೊಡಲಾಗದು ಎಂದವರಿಂದ ಅದನ್ನು ಹೇಗೆ ಪಡೆದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಈಗಲೂ ಒಬ್ಬಿಬ್ಬರು ಹುಡುಗರಿಗೆ ಅದೇ ದಾರಿಯಲ್ಲಿ ಸಹಾಯ ಮಾಡುತ್ತಿದ್ದೇನೆ, ಬಹಿರಂಗವಾದರೆ ಆ ದಾರಿ ಮುಚ್ಚುತ್ತದೆ.

ಸೇವಾ ಕಂಪನಿಗೆ ಬಾವಿ ಸ್ವಂತದ್ದಲ್ಲ, ಎಣ್ಣೆಯೂ ಸ್ವಂತದ್ದಲ್ಲ. ಬಾವಿಯ ಒಡೆಯರ ಪ್ರತಿನಿಧಿಯಾದ ಕಂಪನಿ ಮ್ಯಾನ್ ಸಹಿ ಹಾಕಿದ ಟಿಕೆಟ್, ಅಂದರೆ ಮಾಡಿದ ಕೆಲಸದ ಚೀಟಿ, ಒಂದೇ ನಮ್ಮ ಬೆಳೆ. ಸಹಿ ಇಲ್ಲದಿದ್ದರೆ ಮಾಡಿದ ಕೆಲಸವೂ ಮಾಡದ ಹಾಗೆಯೇ. ಬಸ್ರಾ ಇರುವ ದಕ್ಷಿಣ ಇರಾಕಿನಲ್ಲಿ ಕೆಲಸ ಮಾಡಿದವರಿಗೆಲ್ಲ ಮಡ್ ನುಂಗುವ ದಮ್ಮಾಮ್ ಎಂಬ ಕಲ್ಲಿನ ಪದರದ ಕಾಟ ಗೊತ್ತು. ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಾವಿಯಿಂದ ಮಡ್ ಮರಳಿ ಬರುವ ಕೊಳವೆ, ಅಂದರೆ ಫ್ಲೋಲೈನ್, ಒಣಗಿತು. ಮಡ್ ಸೋಸುವ ಜರಡಿ ಯಂತ್ರವಾದ ಶೇಕರ್ ಬರಿದಾಗಿ ಕುಣಿಯುವಾಗ ಅದರ ಸದ್ದೇ ಬದಲಾಗುತ್ತದೆ, ನಿದ್ದೆಯಲ್ಲೂ ಕಿವಿಗೆ ಬೀಳುತ್ತದೆ. ಎದ್ದು ಬರುವಷ್ಟರಲ್ಲಿ ಮಡ್ ತೊಟ್ಟಿಯ (ಪಿಟ್) ಮಟ್ಟ ಕಣ್ಣೆದುರೇ ಇಳಿಯುತ್ತಿತ್ತು. ಅಭ್ರಕ, ಅಕ್ರೋಟಿನ ಸಿಪ್ಪೆಯ ಪುಡಿ, ನಾರು ಎಲ್ಲ ಸೇರಿಸಿ ಸೋರಿಕೆ ಮುಚ್ಚುವ ಮಿಶ್ರಣ, ಅಂದರೆ ಪಿಲ್, ಇಳಿಸಿದೆವು. ಒಂದು ಹನಿಯೂ ಮೇಲೆ ಬರಲಿಲ್ಲ. ಇನ್ನೊಂದು ಪಿಲ್, ಅದೂ ಹೋಯಿತು. ಕೊನೆಗೆ ಸಿಮೆಂಟ್ ಪ್ಲಗ್ ಹಾಕಿ ನಿಲ್ಲಿಸಬೇಕಾಯಿತು. ಬೆಳಿಗ್ಗೆ ಕಂಪನಿ ಮ್ಯಾನ್ ನನ್ನನ್ನು ಕೇಳಿದ್ದು ಒಂದೇ ಮಾತು: "ಎಷ್ಟು ಚೀಲ?" ಆ ಗದ್ದಲದಲ್ಲೂ ಖಾಲಿ ಚೀಲಗಳನ್ನು ಹತ್ತು ಹತ್ತರಂತೆ ಕಟ್ಟಿಸಿ ಇಟ್ಟಿದ್ದೆ. ಎಣಿಸಿ ತೋರಿಸಿದೆ, ತಕರಾರಿಲ್ಲದೆ ಸಹಿ ಆಯಿತು. ಆ ಬೇಸ್‌ನಲ್ಲಿ ನನ್ನ ಟಿಕೆಟ್‌ಗಳ ಮೇಲೆ ತಕರಾರು ಬಂದದ್ದು ಬಹಳ ಕಡಿಮೆ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇನ್ನು ಹಣ. ಶುರುವಿನಲ್ಲಿ ಮೂಲ ಸಂಬಳ ತಿಂಗಳಿಗೆ 1.25 ಲಕ್ಷದ ಆಸುಪಾಸು, ರಿಗ್ ಬೋನಸ್ ಸೇರಿದರೆ ಅದರ ಎರಡು ಪಟ್ಟು. ಜೊತೆಗಾರರು ಎರಡನ್ನೂ ಕೂಡಿಸಿ ಮೈಸೂರಿನಲ್ಲಿ ಫ್ಲ್ಯಾಟ್‌ಗೆ ಕಂತು ಕಟ್ಟಲು ಶುರು ಮಾಡಿದರು. ನಾನು ಬೋನಸ್ಸನ್ನು ಸಂಬಳವೆಂದೇ ಎಣಿಸಲಿಲ್ಲ. ಮನೆ ನಡೆಯಬೇಕಾದದ್ದು ಮೂಲ ಸಂಬಳದ ಮುಕ್ಕಾಲು ಭಾಗದಲ್ಲಿ. ಒಂದೂವರೆ ವರ್ಷದ ಮನೆಖರ್ಚು ಠೇವಣಿಯಲ್ಲಿ ಸೇರುವವರೆಗೆ ಬೋನಸ್ಸಿನ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಮನೆಯವರು ಅದನ್ನು ನನಗಿಂತ ಕಟ್ಟುನಿಟ್ಟಾಗಿ ನಡೆಸಿದರು.

2014ರ ಜೂನ್‌ನಲ್ಲಿ ಬ್ರೆಂಟ್ ಕಚ್ಚಾ ಎಣ್ಣೆಯ ಬೆಲೆ ಬ್ಯಾರೆಲ್‌ಗೆ 115 ಡಾಲರ್ ಹತ್ತಿರವಿತ್ತು, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ. ಬಾವಿಯ ಒಡೆಯರು ರಿಗ್ ನಿಲ್ಲಿಸಿದರೆ ಮೊದಲ ಏಟು ನಮಗೆ. ಮೊದಲು ಬೋನಸ್ ಹೋಯಿತು, ಆಮೇಲೆ ಸಂಬಳವಿಲ್ಲದ ರಜೆ, ಆಮೇಲೆ ಒಂದು ಫೋನ್ ಕರೆ. ಏಳೆಂಟು ತಿಂಗಳು ಮಂಡ್ಯದಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ. ಮೈಸೂರಿನ ಗೆಳೆಯರು ಫ್ಲ್ಯಾಟ್‌ಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರು, ಸಿಕ್ಕಿದ ಕೆಲಸಕ್ಕೆ ಸೇರಿಕೊಂಡರು, ಮರಳಿ ಈ ಕಡೆಗೆ ಬರಲಿಲ್ಲ. ನನಗೆ ಕಾಯುವಷ್ಟು ಶಕ್ತಿ ಠೇವಣಿಯಲ್ಲಿತ್ತು. ರಿಗ್‌ಗಳು ಮತ್ತೆ ಎದ್ದಾಗ ಅನುಭವಸ್ಥರಿಗೆ ಬರ ಬಂದಿತ್ತು, ಅದೇ ಬಸ್ರಾಕ್ಕೆ ಮೊದಲಿಗಿಂತ ಹೆಚ್ಚು ಸಂಬಳಕ್ಕೆ ಹೋದೆ. 2020ರ ಏಪ್ರಿಲ್ 20ರಂದು ಅಮೆರಿಕದ ಎಣ್ಣೆಯ ವಾಯಿದೆ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗಿಳಿದ ದಿನ ನಾನು ರಿಗ್‌ನಲ್ಲೇ ಸಿಕ್ಕಿಕೊಂಡಿದ್ದೆ. ವಿಮಾನಗಳಿಲ್ಲ, ನನ್ನ ಜಾಗಕ್ಕೆ ಸರದಿಯಲ್ಲಿ ಬರುವ ಜೋಡಿ, ಅಂದರೆ ಬ್ಯಾಕ್‌ಟುಬ್ಯಾಕ್ ಬರುವಂತಿಲ್ಲ. ರಾಗಿ ಹಿಟ್ಟು ಮುಗಿದು ತಿಂಗಳುಗಳೇ ಆದವು. ಆದರೆ ಮನೆಯಲ್ಲಿ ಈ ಸಲ ಯಾರೂ ಹಣದ ಚಿಂತೆ ಮಾಡಲಿಲ್ಲ.

28/28ರಲ್ಲಿ ತೆರಿಗೆಯ ಲೆಕ್ಕ ಕತ್ತಿಯ ಅಲಗಿನ ಮೇಲೆ ನಿಲ್ಲುತ್ತದೆ. ಹೊರದೇಶದ ಕೆಲಸದಲ್ಲಿರುವವನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಭಾರತದಲ್ಲಿ 182 ದಿನ ಮುಟ್ಟಿದರೆ ತೆರಿಗೆಯ ಲೆಕ್ಕದಲ್ಲಿ ಭಾರತದ ನಿವಾಸಿ. ವರ್ಷದ ಅರ್ಧ ಎಂದರೆ ಅಷ್ಟೇ ಆಯಿತಲ್ಲ! ಬಂದ ದಿನ, ಹೊರಟ ದಿನ ಎರಡನ್ನೂ ಭಾರತದ ಲೆಕ್ಕಕ್ಕೆ ಹಿಡಿಯುವುದೇ ಕ್ಷೇಮ. ಪಾಸ್‌ಪೋರ್ಟ್ ಮುದ್ರೆಗಳನ್ನು ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ, ಜನವರಿಯಲ್ಲಿ ಕೂಡಿಸಿ ನೋಡುತ್ತೇನೆ. ಹೊರಗಿನ ದಿನಗಳು ಕಡಿಮೆ ಬೀಳುವಂತೆ ಕಂಡರೆ ದುಬೈನಲ್ಲಿ ಒಂದು ವಾರದ ತರಬೇತಿಯನ್ನು ಮಾರ್ಚ್‌ಗೆ ಹಾಕಿಸಿಕೊಳ್ಳುತ್ತೇನೆ. ಇನ್ನೊಂದು ಮಾತು: ಅನಿವಾಸಿಗೆ ಕೃಷಿ ಭೂಮಿ ಕೊಳ್ಳಲು ವಿದೇಶಿ ವಿನಿಮಯ ಕಾಯ್ದೆ (ಫೆಮಾ) ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಎಕರೆ ಕೊಳ್ಳುವ ಆಸೆಯಿಂದ ಮುಂಗಡ ಕೊಟ್ಟು ಕಳೆದುಕೊಂಡವರನ್ನು ಕಂಡಿದ್ದೇನೆ.

ಜಮೀನಿನಲ್ಲಿ ಟೊಮೆಟೊ ಕೈಕೊಟ್ಟಿತು. ದಿನವೂ ನೋಡಬೇಕಾದ ಬೆಳೆ ನಮ್ಮಂಥವರಿಗಲ್ಲ, ಸುಮಾರು 60 ಸಾವಿರ ಹೋಯಿತು. ಕಬ್ಬು ಒಪ್ಪಿತು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕಟ್ಟು ನೀರಿನ ಸರದಿಗೂ ನನ್ನ ಸರದಿಗೂ ಹೊಂದುತ್ತಿರಲಿಲ್ಲ, ಹನಿ ನೀರಾವರಿ ಹಾಕಿಸಿದ ಮೇಲೆ ಆ ತೊಂದರೆಯೂ ತೀರಿತು.

ಕಬ್ಬಿನಿಂದಲೇ ಇನ್ನೊಂದು ಹುಚ್ಚು ಹಿಡಿಯಿತು. ಬಾವಿಯೊಳಗೆ ಮಡ್ ಸೋರಿಹೋಗುವುದನ್ನು (ಲಾಸ್) ನಿಲ್ಲಿಸಲು ಕಬ್ಬಿನ ಸಿಪ್ಪೆಯನ್ನು ಎಷ್ಟೋ ಕಡೆ ಬಳಸುತ್ತಾರೆ. ನಮ್ಮ ಆಲೆಮನೆಗಳ ಸಿಪ್ಪೆ ಯಾಕಾಗಬಾರದು? ರಜೆಯಲ್ಲಿ ಸಿಪ್ಪೆ ತಂದು ಒಣಗಿಸಿ, ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಮೂರು ಗಾತ್ರಕ್ಕೆ ಜರಡಿ ಹಿಡಿದೆ. ಪಿವಿಸಿ ಪೈಪಿಗೆ ಜಲ್ಲಿ ತುಂಬಿ ಬೆಂಟೊನೈಟ್ ಜೇಡಿಮಣ್ಣಿನ ಮಡ್ ಸುರಿದರೆ ನೇರ ಕೆಳಗೆ ಸೋರಿತು. ಸಿಪ್ಪೆ ಸೇರಿಸಿ ಸುರಿದಾಗ ನಾಲ್ಕೈದು ಲೀಟರ್ ಸೋರಿ ನಿಂತುಬಿಟ್ಟಿತು. ಆದರೆ ಎರಡನೇ ದಿನಕ್ಕೆ ಬಕೆಟ್ ಹುಳಿ ವಾಸನೆ ಹೊಡೆಯಿತು. ಸಿಪ್ಪೆಯಲ್ಲಿ ಉಳಿದ ಸಕ್ಕರೆಯದೇ ತೊಂದರೆ. ಹುಳಿಯುವುದು ಒಂದಾದರೆ, ಸಕ್ಕರೆ ತಗುಲಿದ ಸಿಮೆಂಟ್ ಸಕಾಲಕ್ಕೆ ಗಟ್ಟಿಯಾಗುವುದಿಲ್ಲ ಎಂಬುದು ಇನ್ನೊಂದು. ದಮ್ಮಾಮ್‌ನಂಥ ಕಡೆ ಪ್ಲಗ್ ಹಾಕಬೇಕಾದರೆ ಅದು ಅನಾಹುತ. ಮದ್ದೂರಿನ ಎಳನೀರು ಬುರುಡೆಯ ನಾರನ್ನೂ ನೋಡಿದೆ, ತೇಲಿತು. ಈಗ ಸಿಪ್ಪೆಯನ್ನು ತೊಳೆಯುವ ಒಂದು ಕ್ರಮ ಕಂಡುಕೊಂಡಿದ್ದೇನೆ, ವಾರವಾದರೂ ಹುಳಿಯುವುದಿಲ್ಲ. ಗಾತ್ರಗಳ ಪ್ರಮಾಣವೂ ತೊಳೆಯುವ ಕ್ರಮವೂ ಸದ್ಯ ನನ್ನಲ್ಲೇ ಇರಲಿ.

ಆಫರ್ ಪತ್ರ ಬಂದವರು ಸಂಬಳದ ಸಾಲನ್ನು ಆಮೇಲೆ ಓದಿ. ರಿಗ್ ನಿಂತ ದಿನಗಳಿಗೆ ಬೋನಸ್ ಇದೆಯೇ, ಪ್ರಯಾಣದ ದಿನಗಳು ಯಾರ 28ರಲ್ಲಿ ಸೇರುತ್ತವೆ, ಬ್ಯಾಕ್‌ಟುಬ್ಯಾಕ್ ಬರದಿದ್ದರೆ ಹೆಚ್ಚುವರಿ ದಿನಕ್ಕೆ ಏನು ಕೊಡುತ್ತಾರೆ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ತರಿಸಿಕೊಂಡು ಸಹಿ ಹಾಕಿ.