ನೆಲದಡಿಯ ಟ್ಯಾಂಕಿನಿಂದ ಅಡುಗೆಮನೆಯ ಕೊಡದವರೆಗೆ: ಒಂದು ಬಿ.ಎಸ್ಸಿ. ಪ್ರಾಜೆಕ್ಟ್ ಮಾಡಿಸಿದ ಬಗೆ

ಮುಂಬೈಯ ಪೂರ್ವ ಉಪನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಬಳಿಗೆ ಮೂರನೆಯ ವರ್ಷದ ವಿದ್ಯಾರ್ಥಿಗಳು ತರುವ ಪ್ರಾಜೆಕ್ಟ್ ವಿಷಯಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ತುಳಸಿ, ಬೇವು ಅಥವಾ ಅರಿಸಿನದ ಸಾರ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಯೇ ಎಂಬುದು. ಎಲೆಯನ್ನು ಎಥನಾಲ್‌ನಲ್ಲಿ ನೆನೆಸಿ, ಆ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅಗಾರ್ ತಟ್ಟೆಯ ಮೇಲಿಟ್ಟು, ಮರುದಿನ ಅದರ ಸುತ್ತಲಿನ ಬರಿದಾದ ವಲಯವನ್ನು ಅಳೆದರೆ ಕೆಲಸ ಮುಗಿದಂತೆ. ಬರಿಯ ಎಥನಾಲ್ ಸವರಿದ ಬಿಲ್ಲೆಯನ್ನೂ ಪಕ್ಕದಲ್ಲಿ ಇಟ್ಟು ನೋಡಿದಿರಾ ಎಂದು ಕೇಳಿದರೆ ಮಾತ್ರ ಮೌನ. ಆ ಹೋಲಿಕೆಯಿಲ್ಲದೆ ಬ್ಯಾಕ್ಟೀರಿಯಾವನ್ನು ಕೊಂದದ್ದು ತುಳಸಿಯೋ ಎಥನಾಲೋ ಎಂದು ಹೇಳಲು ದಾರಿಯೇ ಇಲ್ಲ. ಆದ್ದರಿಂದ ವಿದ್ಯಾರ್ಥಿಗಳ ಕೈಯಲ್ಲಿ ಮತ್ತೆ ಮತ್ತೆ ಅಳೆಯಲು ಸಾಧ್ಯವಾಗುವ, ಅವರ ಮನೆಯ ಮೆಟ್ಟಿಲಲ್ಲೇ ಸಿಗುವ ವಿಷಯವೊಂದನ್ನು ಹಿಡಿಯೋಣವೆಂದು ನಾನು ಸೂಚಿಸಿದೆ. ನಾವು ಹಿಡಿದದ್ದು ಕುಡಿಯುವ ನೀರಿನಲ್ಲಿ ಉಳಿದಿರುವ ಕ್ಲೋರಿನ್.

ಭಾತ್ಸಾ, ತಾನ್ಸಾ, ವೈತರಣಾ ಮುಂತಾದ ಜಲಾಶಯಗಳ ನೀರು ಶುದ್ಧೀಕರಣಗೊಂಡು, ಕ್ಲೋರಿನ್ ಬೆರೆತು ನಗರಕ್ಕೆ ಬರುತ್ತದೆ. ಆದರೆ ಹೆಚ್ಚಿನ ಬಡಾವಣೆಗಳಿಗೆ ಅದು ದಿನದ ಕೆಲವು ಗಂಟೆ ಮಾತ್ರ ಬರುವುದರಿಂದ ಪ್ರತಿ ಕಟ್ಟಡವೂ ಅದನ್ನು ನೆಲದಡಿಯ ಟ್ಯಾಂಕಿನಲ್ಲಿ ತುಂಬಿಸಿ, ಪಂಪಿನಿಂದ ತಾರಸಿಯ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಮನೆಗಳಿಗೆ ಬಿಡುತ್ತದೆ. ಸಾಲುಸಾಲು ಪುಟ್ಟ ಮನೆಗಳ ಚಾಳುಗಳಲ್ಲಿ ಕೊಡ ಮತ್ತು ಡ್ರಮ್ಮುಗಳೇ ಟ್ಯಾಂಕು. ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಬಳಕೆದಾರರಿಗೆ ತಲುಪುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ (ಅಮೋನಿಯಾದಂಥವುಗಳೊಂದಿಗೆ ಕೂಡಿಕೊಳ್ಳದೆ ಉಳಿದದ್ದು) ಇರಬೇಕು. ತುಕ್ಕು, ತಳದ ಕೆಸರು, ಬಿಸಿಲು, ಹೊತ್ತು ಇವೆಲ್ಲವೂ ಅದನ್ನು ತಿನ್ನುತ್ತವೆ. ಹಾಗಾದರೆ ಮುಖ್ಯ ಕೊಳವೆಯಿಂದ ಕೊಡದವರೆಗಿನ ದಾರಿಯಲ್ಲಿ ಅದು ಎಲ್ಲಿ ಕಳೆದುಹೋಗುತ್ತದೆ? ಇಷ್ಟೇ ನಮ್ಮ ಪ್ರಶ್ನೆ.

ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಯವಿದ್ದ ಅಯೋಡಿನ್ ಟೈಟ್ರೇಷನ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಕ್ಲೋರಿನ್ ಇರುವಲ್ಲಿ ಅದನ್ನು ನಂಬುವಂತಿಲ್ಲ. ಆರ್ಥೊಟೊಲಿಡಿನ್ ಹಾಕಿ ಹಳದಿ ಬಣ್ಣ ನೋಡುವ ಕಿಟ್ಟು ಅಗ್ಗವಾದರೂ ಅದು ಅಮೋನಿಯಾದೊಂದಿಗೆ ಕೂಡಿಕೊಂಡ ಕ್ಲೋರಿನ್ನನ್ನೂ ಸೇರಿಸಿ ತೋರಿಸುತ್ತದೆ. ಜೊತೆಗೆ ಆ ರಾಸಾಯನಿಕವನ್ನು ಎಳೆಯರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಮುಕ್ತ ಕ್ಲೋರಿನ್‌ನೊಂದಿಗೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಎಂಬ ರಾಸಾಯನಿಕವನ್ನು ಆರಿಸಿಕೊಂಡು, ಬಣ್ಣವನ್ನು ಅದರ ಗಾಢತೆ ಅಳೆಯುವ ಕಾಲೇಜಿನ ಹಳೆಯ ಕಲರಿಮೀಟರಿನಲ್ಲಿ ಹಸಿರು ಫಿಲ್ಟರ್ ಇಟ್ಟು ಅಳೆದೆವು. ಕ್ಲೋರಿನ್ ದ್ರಾವಣ ನಿಲ್ಲುವುದಿಲ್ಲವಾದ್ದರಿಂದ ಅಳತೆಯ ರೇಖೆ ಹಾಕಲು ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬಳಸುವುದು ವಾಡಿಕೆ: 0.891 ಗ್ರಾಂ ಹರಳನ್ನು ಒಂದು ಲೀಟರಿಗೆ ಕರಗಿಸಿದರೆ ಆ ದ್ರಾವಣ ಲೀಟರಿಗೆ 1000 ಮಿಲಿಗ್ರಾಂ ಕ್ಲೋರಿನ್‌ಗೆ ಸಮ. ಈ ಅಂಕಿಯನ್ನು ಪುಸ್ತಕದಿಂದ ಎತ್ತಿಕೊಳ್ಳದೆ, ಪರ್ಮ್ಯಾಂಗನೇಟ್ ಕ್ರಿಯೆಯಲ್ಲಿ ಪಡೆಯುವ ಐದು ಇಲೆಕ್ಟ್ರಾನುಗಳ ಲೆಕ್ಕದಿಂದ ತಾವೇ ಹೊರಡಿಸಬೇಕೆಂದು ನಾನು ಪಟ್ಟು ಹಿಡಿದೆ.

ಮಾದರಿ ಸಂಗ್ರಹಕ್ಕೆ ಇಳಿಯುವ ಮೊದಲು ಪ್ರಯೋಗಾಲಯದ ಒಂದೇ ನಲ್ಲಿಯ ನೀರನ್ನು ತಂಡದ ಪ್ರತಿಯೊಬ್ಬರೂ ಇನ್ನೊಬ್ಬರ ಅಂಕಿ ನೋಡದೆ ಅಳೆಯಬೇಕಿತ್ತು. ಮೊದಮೊದಲು ಅವರ ಅಂಕಿಗಳ ನಡುವಿನ ಅಂತರ, ನಾವು ಹುಡುಕಹೊರಟಿದ್ದ ಟ್ಯಾಂಕುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರುತ್ತಿತ್ತು. ಪುಡಿ ಹಾಕಿದ ಮೇಲೆ ಎಷ್ಟು ಹೊತ್ತಿಗೆ ಓದಬೇಕು, ಕಲರಿಮೀಟರಿನೊಳಗೆ ಇಡುವ ಪುಟ್ಟ ಗಾಜಿನ ಪಾತ್ರೆಯಾದ ಕ್ಯುವೆಟ್ಟನ್ನು ಯಾವ ಮುಖವಾಗಿ ಇಡಬೇಕು ಎಂಬುದು ಒಂದೇ ಪದ್ಧತಿಗೆ ಬಂದ ಮೇಲಷ್ಟೇ ಅಂಕಿಗಳು ಹತ್ತಿರ ಬಂದವು. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ವಿದ್ಯಾರ್ಥಿಗಳು ನಿಜವಾಗಿ ಸಂಶೋಧಕರಾದದ್ದು ಈ ಬೇಸರದ ಹಂತದಲ್ಲಿ, ಆನಂತರದ್ದೆಲ್ಲ ಓಡಾಟ.

ಪ್ರತಿ ಸ್ಥಳದಿಂದಲೂ ಎರಡು ಬಾಟಲಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಗೆ ಕ್ಲೋರಿನ್ನನ್ನು ಇಲ್ಲವಾಗಿಸುವ ಸೋಡಿಯಂ ಥಯೋಸಲ್ಫೇಟನ್ನು ಮೊದಲೇ ಹಾಕಿರಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೊಲ್ಲುತ್ತಲೇ ಇದ್ದು ನೀರು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಕ್ಲೋರಿನ್ ಅಳೆಯುವ ಬಾಟಲಿಗೆ ಅದರ ಒಂದು ತೊಟ್ಟೂ ತಾಗಬಾರದು. ಹೀಗಾಗಿ ಮುಚ್ಚಳಗಳಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿದೆವು. ಕ್ಲೋರಿನ್ ಕಾಯುವುದಿಲ್ಲ, ಆದ್ದರಿಂದ ಡಿಪಿಡಿ ಪುಡಿಯೂ ಬಣ್ಣದ ಪಟ್ಟಿಯೂ ಸ್ಥಳಕ್ಕೇ ಹೋದವು; ಕಲರಿಮೀಟರಿನ ಓದು ಕಾಲೇಜಿನ ಸುತ್ತಲ ಕಟ್ಟಡಗಳಿಗೆ ಸೀಮಿತವಾಯಿತು. ಇನ್ನೊಂದು ಬಾಟಲಿ ಐಸ್ ಡಬ್ಬಿಯಲ್ಲಿ ಲೋಕಲ್ ಟ್ರೈನಿನಲ್ಲಿ ಬರುತ್ತಿತ್ತು. ಬೆಳಗಿನ ಗರ್ದಿಯಲ್ಲಿ ಆ ಡಬ್ಬಿ ಹಿಡಿದು ದಾದರಿನ ದಿಕ್ಕಿನ ಗಾಡಿ ಹತ್ತುವುದು ಆಗದ ಮಾತೆಂದು ಮುಂಬೈಕರರಿಗೆ ಹೇಳಬೇಕಾಗಿಲ್ಲ. ಎದುರು ದಿಕ್ಕಿನ ಬಡಾವಣೆಗಳನ್ನೇ ಬೆಳಗಿಗೆ ಇಟ್ಟುಕೊಂಡೆವು.

ಬ್ಯಾಕ್ಟೀರಿಯಾಕ್ಕೆ ಮೊದಲ ಜರಡಿಯಾಗಿ ಬಳಸಿದ್ದು ಹೈಡ್ರೋಜನ್ ಸಲ್ಫೈಡ್ ಬಾಟಲಿ. 1982ರಲ್ಲಿ ಮಾಂಜಾ ಮತ್ತು ಸಂಗಡಿಗರು ಪ್ರಕಟಿಸಿದ ಈ ಭಾರತೀಯ ವಿಧಾನದಲ್ಲಿ ಮಲಮೂಲದ ಬ್ಯಾಕ್ಟೀರಿಯಾಗಳಿದ್ದರೆ ಅವು ಬಿಡುವ ಆ ಅನಿಲದಿಂದ ಬಾಟಲಿಯೊಳಗಿನ ಕಾಗದ ಕಪ್ಪಾಗುತ್ತದೆ, ಮುಂಬೈಯ ಸೆಖೆಯಲ್ಲಿ ಇನ್‌ಕ್ಯುಬೇಟರ್ ಕೂಡ ಬೇಡ. ಆದರೆ ಬೇರೆ ಮೂಲದ ಸೂಕ್ಷ್ಮಜೀವಿಗಳೂ ಅದನ್ನು ಕಪ್ಪಾಗಿಸಬಲ್ಲವು. ಕಪ್ಪಾದ ಸ್ಥಳಗಳ ನೀರನ್ನು ಮತ್ತೆ ತಂದು ಮೆಕಾಂಕಿ ಬ್ರಾತ್ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ದ್ರವದ ಕೊಳವೆಗಳಲ್ಲಿ ಖಚಿತಪಡಿಸಿಕೊಳ್ಳದೆ ಏನನ್ನೂ ಬರೆಯಲಿಲ್ಲ.

ಮನೆಗಳೊಳಗೆ ಹೋಗುವುದಕ್ಕೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯೂ ಕಟ್ಟಡದ ಹೌಸಿಂಗ್ ಸೊಸೈಟಿ ಸೆಕ್ರೆಟರಿಯ ಸಹಿಯೂ ಬೇಕಾದವು. ಮನೆಗಳಿಗೆ ಹೆಸರಿನ ಬದಲು ಸಂಕೇತ ಕೊಟ್ಟೆವು. ನೀರು ಕುದಿಸುತ್ತೀರಾ ಎಂದು ಕೇಳಿದರೆ ಹೌದೆನ್ನದವರು ಯಾರೂ ಇಲ್ಲ. ಆದರೆ ಕಲಬುರಗಿ ಕಡೆಯ ಕುಟುಂಬಗಳಿರುವ ಚಾಳಿನಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿನಿಯೊಬ್ಬಳು "ಅಕ್ಕಾ, ಈಗ ಕುಡಿಯೋ ನೀರು ಯಾವ ಕೊಡದಾಗ ಐತಿ, ತೋರಸ್ತೀರಿ?" ಎಂದು ಕೇಳತೊಡಗಿದ ಮೇಲೆ ಕೊಡ, ಮುಚ್ಚಳ, ನೀರು ತೆಗೆಯುವ ಲೋಟ ಎಲ್ಲವೂ ಕಣ್ಣಿಗೇ ಬಿದ್ದವು. ಮಕ್ಕಳಿಗೆ ಭೇದಿಯಾಗಿತ್ತೇ ಎಂಬ ಪ್ರಶ್ನೆ ಸೇರಿಸಲು ತಂಡಕ್ಕೆ ಬಹಳ ಆಸೆಯಿತ್ತು. ಇಷ್ಟು ಕಡಿಮೆ ಮನೆಗಳಿಂದ ನೀರಿಗೂ ಕಾಯಿಲೆಗೂ ನಂಟು ಕಟ್ಟಲಾಗದು, ಉತ್ತರ ಹೇಳಲಾಗದ ಪ್ರಶ್ನೆಯಿಂದ ಜನರ ಹೊತ್ತು ಕಳೆಯಬಾರದು ಎಂದು ನಾನದನ್ನು ತೆಗೆಸಿದೆ.

ನಾವು ಕಂಡಂತೆ ನೆಲದಡಿಯ ಟ್ಯಾಂಕಿಗೆ ಬೀಳುವ ನೀರಿನಲ್ಲಿ ಗುಲಾಬಿ ಸ್ಪಷ್ಟವಾಗಿತ್ತು, ತಾರಸಿಯ ಟ್ಯಾಂಕಿನಲ್ಲಿ ಮಸುಕಾಗಿತ್ತು, ರಾತ್ರಿ ಕಳೆದ ಕೊಡಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿತ್ತು. ಇದು ಬೇಸಿಗೆಯ ಮಾತು. ಮಳೆಗಾಲದ ಅಳತೆ ಮುಂದಿನ ತಂಡದ ಪಾಲಿಗೆ ಉಳಿಯಿತು. ಬಾಟಲಿ ಕಪ್ಪಾದ ಮನೆಗಳಿಗೆ ವರದಿ ಬರೆಯುವ ಮೊದಲೇ ವಿದ್ಯಾರ್ಥಿಗಳು ಹೋಗಿ ತಿಳಿಸಿ, ನೀರು ಕುದಿಸಲು ಹೇಳಿ ಬಂದರು. ಒಂದು ಸೊಸೈಟಿ ಟ್ಯಾಂಕು ತೊಳೆಸಿ, ಮತ್ತೆ ಅಳೆಯಲು ನಮ್ಮನ್ನು ಕರೆಯಿತು.